ಹತ್ತದ ಸೀರಿಯಲ್ ಸೆಟ್ಟನ್ನು ಕಸಕ್ಕೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವರ್ಷದ ಕೊನೆಯ ರಜೆ ಬಂತೆಂದರೆ ಅಟ್ಟದಿಂದ ಮೊದಲು ಇಳಿಯುವುದು ಸೀರಿಯಲ್ ಸೆಟ್ಟಿನ ಚೀಲ. ಗಂಟು ಬಿಡಿಸಲು ಅರ್ಧ ಗಂಟೆ, ಕಿಟಕಿಗೂ ಬಾಲ್ಕನಿಗೂ ಕಟ್ಟಲು ಇನ್ನರ್ಧ ಗಂಟೆ. ಎಲ್ಲ ಮುಗಿದು ಸ್ವಿಚ್ ಹಾಕಿದರೆ ಕೆಂಪು ಮಾತ್ರ ಹತ್ತುತ್ತದೆ, ಹಸಿರಿನ ಸುಳಿವಿಲ್ಲ. ಇಲ್ಲವೇ ಅರ್ಧ ಸರ ಬೆಳಗುತ್ತದೆ, ಇನ್ನರ್ಧ ಕತ್ತಲು. ಇದೆಲ್ಲ ಗೊತ್ತಾಗುವುದು ಡಿಸೆಂಬರ್ 24ರ ಸಂಜೆ. ಆಗ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಿಕ್ಕಿದ್ದನ್ನು ತಂದು ಕಟ್ಟಿ, ಹಳೆಯದನ್ನು ಕಸದ ಬುಟ್ಟಿಗೆ ತುರುಕುವುದು ರೂಢಿಯಾಗಿಬಿಟ್ಟಿದೆ. ಹೀಗೆ ಎಸೆದ ಸೆಟ್ಟುಗಳನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಕೆಟ್ಟಿರುವುದು ಒಂದೇ ಒಂದು ಎಲ್‌ಇಡಿ, ಅಥವಾ ಒಂದು ಬೆಸುಗೆ. ಉಳಿದ 99 ದೀಪಗಳು ಚೆನ್ನಾಗಿಯೇ ಇರುತ್ತವೆ. ರಿಪೇರಿ ಮೇಜಿನ ಈ ತಿಳಿವಳಿಕೆ ಓದುಗರಿಗೆ ಸಿಗಲಿ ಎಂದು ಇಷ್ಟುದ್ದ ಬರೆಯುತ್ತಿದ್ದೇವೆ, ದಯವಿಟ್ಟು ಪ್ರಕಟಿಸಿ.

ಮೊದಲು ಇದರ ಒಳಗುಟ್ಟು. ಹೆಸರೇ ಹೇಳುವಂತೆ ಇದು ಸಾಲಾಗಿ ಜೋಡಿಸಿದ ದೀಪ. ಕರೆಂಟು ಒಂದು ಎಲ್‌ಇಡಿಯನ್ನು ದಾಟಿಯೇ ಮುಂದಿನದಕ್ಕೆ ಹೋಗಬೇಕು. ನಡುವೆ ಒಂದು ಎಲ್‌ಇಡಿಯ ಕಾಲು, ಅಂದರೆ ಅದರ ಬುಡದ ಲೋಹದ ಕಡ್ಡಿ, ಮುರಿದರೂ ಆ ಸಾಲು ಪೂರ್ತಿ ಸತ್ತಂತೆ. ಬಟನ್ ಒತ್ತಿದರೆ ಮಿಣುಕುವ ರೀತಿ ಬದಲಾಗುವ, ಎಂಟು ಬಗೆಯ ಆಟ ಆಡುವ ಪ್ಲಾಸ್ಟಿಕ್ ಡಬ್ಬಿ ಇದೆಯಲ್ಲ, ಅದರಿಂದ ಹೊರಬರುವ ತಂತಿಗಳನ್ನು ಎಣಿಸಿ. ಐದಿದ್ದರೆ ಒಂದು ಎಲ್ಲಕ್ಕೂ ಸೇರಿದ್ದು, ಉಳಿದ ನಾಲ್ಕು ನಾಲ್ಕು ಸಾಲುಗಳಿಗೆ. ಮೂರಿದ್ದರೆ ಎರಡೇ ಸಾಲು. ನಾಲ್ಕು ಬಣ್ಣದ 100 ದೀಪದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ 25 ದೀಪಗಳ ಒಂದೊಂದು ಸಾಲು. ಹಾಗಾಗಿ ಹಸಿರು ಮಾತ್ರ ಹತ್ತಲಿಲ್ಲ ಎಂದರೆ ತೊಂದರೆ ಹಸಿರಿನ 25ರಲ್ಲಿ ಎಲ್ಲೋ ಇದೆ, ಅಥವಾ ಡಬ್ಬಿಯೊಳಗೆ ಆ ಸಾಲನ್ನು ಆಡಿಸುವ ಮೂರು ಕಾಲಿನ ಪುಟ್ಟ ಎಸ್‌ಸಿಆರ್ ಕೆಟ್ಟಿದೆ. ಉಳಿದ 75 ದೀಪಗಳನ್ನು ಮುಟ್ಟಬೇಕಾಗಿಯೇ ಇಲ್ಲ.

ಕೈ ಹಾಕುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯ 230 ವೋಲ್ಟ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್ ದಾಟಿ ನೇರವಾಗಿ ಸರಕ್ಕೆ ಬರುತ್ತದೆ. ದೀಪ ಅಕ್ಕಿಕಾಳಿನಷ್ಟಿದೆ, ಇದೇನು ಮಾಡೀತು ಎಂದುಕೊಳ್ಳಬೇಡಿ. ಸರದ ಯಾವುದೇ ಬರಿ ಕಾಲನ್ನು ಮುಟ್ಟಿದರೂ ಶಾಕ್ ಹೊಡೆಯುತ್ತದೆ, ಒದ್ದೆ ನೆಲದ ಮೇಲೆ ನಿಂತಿದ್ದರೆ ಜೀವಕ್ಕೇ ಕುತ್ತು. ಸ್ವಿಚ್ ಆರಿಸಿದ್ದೇವೆ ಎನ್ನುವುದು ಸಾಲದು. ವೈರಿಂಗ್ ತಿರುಗುಮುರುಗಾಗಿರುವ ಮನೆಗಳಲ್ಲಿ ಸ್ವಿಚ್ ಆರಿಸಿದರೂ ಫೇಸ್, ಅಂದರೆ ಶಾಕ್ ಹೊಡೆಯುವ ಕರೆಂಟು, ಸರದಲ್ಲೇ ಉಳಿದಿರುತ್ತದೆ. ಪ್ಲಗ್ಗನ್ನೇ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಕೆಲವು ಡಬ್ಬಿಗಳಲ್ಲಿ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ, ಕಿತ್ತ ಮೇಲೂ ಒಂದು ನಿಮಿಷ ಬಿಟ್ಟು ಬಿಚ್ಚಿ. ಸರ ಉರಿಯುತ್ತಿರುವಾಗಲೇ ಒಂದೊಂದು ದೀಪವನ್ನು ಅಲ್ಲಾಡಿಸಿ ಪರೀಕ್ಷಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದನ್ನು ಇಂದೇ ಬಿಡಬೇಕು.

ಸೆಟ್ಟು ಪೂರ್ತಿ ಸತ್ತಿದ್ದರೆ ದೀಪಗಳನ್ನು ಬಿಟ್ಟು ಪ್ಲಗ್ಗಿನ ಕಡೆಯಿಂದ ಹುಡುಕಿ. ತಂತಿ ಪ್ಲಗ್ಗಿಗೆ ಸೇರುವ ಕುತ್ತಿಗೆಯಲ್ಲಿ ಮಡಚಿ ಮಡಚಿ ಒಳಗಿನ ಎಳೆ ತುಂಡಾಗಿರುತ್ತದೆ, ಮೇಲಿನ ಸಿಪ್ಪೆ ಮಾತ್ರ ನೆಟ್ಟಗೆ ಕಾಣುತ್ತದೆ. ಅಚ್ಚು ಹಾಕಿದ ಪ್ಲಗ್ಗಾದರೆ ಎರಡು ಇಂಚು ಬಿಟ್ಟು ಕತ್ತರಿಸಿ ಹೊಸ ಟೂ ಪಿನ್ ಪ್ಲಗ್ ಹಾಕಿ. ಈ ತಂತಿಯ ಎಳೆಗಳು ತೀರಾ ತೆಳು. ಸಿಪ್ಪೆ ಸುಲಿದು ಹಾಗೇ ಸ್ಕ್ರೂ ಬಿಗಿದರೆ ನಾಲ್ಕು ದಿನದಲ್ಲಿ ಜಾರಿ ಬರುತ್ತದೆ. ಸುಲಿದ ಎಳೆಯನ್ನು ಎರಡು ಮಡಿಕೆ ಮಾಡಿ ಹೊಸೆದು ಆಮೇಲೆ ಬಿಗಿಯಬೇಕು. ಪ್ಲಗ್ಗು ಸರಿಯಿದ್ದರೆ ಡಬ್ಬಿ ಬಿಚ್ಚಿ. ಕಂದು ಬಣ್ಣದ ಬೆಂಕಿಪೊಟ್ಟಣದಷ್ಟು ಬೋರ್ಡು, ಅದರ ಮೇಲೊಂದು ಕಪ್ಪು ಹನಿ. ಆ ಹನಿಯೇ ಚಿಪ್ಪು. ಅದು ಕೆಟ್ಟಿದ್ದರೆ ಡಬ್ಬಿ ಬದಲಿಸುವುದೇ ದಾರಿ. ಆದರೆ ಅದು ಕೆಡುವುದು ಅಪರೂಪ. ಡಬ್ಬಿಯನ್ನು ತಂತಿಯಿಂದಲೇ ನೇತು ಬಿಟ್ಟಿರುತ್ತೇವಲ್ಲ, ಆ ಭಾರಕ್ಕೆ ಬೆಸುಗೆ ಕಿತ್ತು ಬಂದಿರುವುದೇ ಹೆಚ್ಚು. ಮತ್ತೆ ಬೆಸೆದು, ಡಬ್ಬಿಯ ಒಳಬದಿಯಲ್ಲಿ ತಂತಿಗೆ ಒಂದು ಗಂಟು ಹಾಕಿ ಮುಚ್ಚಿದರೆ ಎಳೆತ ಗಂಟಿನ ಮೇಲೆ ಬೀಳುತ್ತದೆ, ಬೆಸುಗೆಯ ಮೇಲಲ್ಲ. ಡಯೋಡ್ ಸುಟ್ಟಿದ್ದರೆ 1ಎನ್4007 ಎಂದು ಕೇಳಿ, ರೇಡಿಯೋ ಟಿವಿ ರಿಪೇರಿಯ ಯಾವ ಅಂಗಡಿಯಲ್ಲೂ ಒಂದೆರಡು ರೂಪಾಯಿಗೆ ಸಿಗುತ್ತದೆ. ಹಳೆಯದರ ಬೆಳ್ಳಿ ಗೆರೆ ಯಾವ ಕಡೆಗಿತ್ತೋ ಹೊಸದರ ಗೆರೆಯೂ ಅದೇ ಕಡೆಗಿರಲಿ.

ಒಂದು ಸಾಲು ಮಾತ್ರ ಸತ್ತಿದ್ದರೆ ಕೆಲಸ ದೀಪಗಳ ಮೇಲೆ. ಇಲ್ಲಿ ಕಣ್ಣು ಮತ್ತು ಬೆರಳೇ ಮೊದಲ ಉಪಕರಣ. ಪ್ಲಗ್ ಕಿತ್ತ ಸರವನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಸತ್ತ ಸಾಲಿನ ಒಂದೊಂದು ಎಲ್‌ಇಡಿಯ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಎಲ್‌ಇಡಿಯ ಕಾಲು ಕಬ್ಬಿಣದ್ದು, ಮೇಲೆ ತೆಳುವಾದ ಲೇಪ. ಬುಡದ ಪ್ಲಾಸ್ಟಿಕ್ ಕೊಳವೆಯೊಳಗೆ ಮಳೆನೀರೋ ಇಬ್ಬನಿಯೋ ಇಳಿದು ಆರದೆ ನಿಂತರೆ ಲೇಪ ಹೋಗಿ ಕಾಲಿಗೆ ತುಕ್ಕು ಹಿಡಿಯುತ್ತದೆ, ಬೆಸುಗೆಯ ಸುತ್ತ ಹಸಿರು ಪುಡಿ ಕೂರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಹಾಗೆ ತುಕ್ಕು ಹಿಡಿದ ಕಾಲು ನೋಡಲು ಇಡಿಯಾಗಿಯೇ ಇರುತ್ತದೆ, ಬೆರಳಿನಿಂದ ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ಕೈಗೆ ಬಂದದ್ದೇ ಅಪರಾಧಿ ಎಂದುಕೊಳ್ಳಿ. ಎಷ್ಟೋ ಸೆಟ್ಟುಗಳ ಹುಡುಕಾಟ ಇಷ್ಟಕ್ಕೇ ಮುಗಿಯುತ್ತದೆ.

ಹಾಗೆ ಸಿಗದಿದ್ದರೆ ಸಿಆರ್ 2032 ಎಂಬ ಮೂರು ವೋಲ್ಟಿನ ಬಿಲ್ಲೆ ಸೆಲ್ ತನ್ನಿ. ಒಂದು ಎಲ್‌ಇಡಿಯ ಎರಡೂ ಬದಿಯ ತಂತಿಗೆ ಒಂದೊಂದು ಗುಂಡುಸೂಜಿ ಚುಚ್ಚಿ, ಸೂಜಿಗಳನ್ನು ಸೆಲ್ಲಿನ ಎರಡು ಮುಖಕ್ಕೆ ತಾಗಿಸಿ. ಹತ್ತದಿದ್ದರೆ ಸೆಲ್ಲನ್ನು ತಿರುಗಿಸಿ ನೋಡಿ. ಎರಡೂ ಕಡೆ ಹತ್ತದಿದ್ದರೆ ಆ ಎಲ್‌ಇಡಿ ಸತ್ತಿದೆ. ಒಂದು ದೀಪ ಯಾವ ಕಡೆಗೆ ಹತ್ತಿತು ಎಂದು ಗೊತ್ತಾದ ಮೇಲೆ ಆ ಸಾಲಿನ ಎಲ್ಲವೂ ಅದೇ ದಿಕ್ಕಿನಲ್ಲಿರುತ್ತವೆ, ಮುಂದಿನವು ಬೇಗ ಸಾಗುತ್ತವೆ. ಬಿಲ್ಲೆ ಸೆಲ್ಲಿನ ಬದಲು ಎರಡು ಪೆನ್ ಸೆಲ್ ನೇರವಾಗಿ ಬಳಸಬೇಡಿ. ಬಿಲ್ಲೆ ಸೆಲ್ಲು ಹೆಚ್ಚು ಕರೆಂಟು ಕೊಡಲಾರದು, ಅದೇ ಇಲ್ಲಿ ಅನುಕೂಲ. ಪೆನ್ ಸೆಲ್ಲು ಕೊಡಬಲ್ಲದು. ಕೆಂಪು ಮತ್ತು ಹಳದಿ ಎಲ್‌ಇಡಿಗೆ ಬೇಕಾದದ್ದು ಸುಮಾರು 2 ವೋಲ್ಟ್ ಮಾತ್ರ, ನೇರ 3 ವೋಲ್ಟ್ ಕೊಟ್ಟರೆ ಚೆನ್ನಾಗಿದ್ದದ್ದೂ ಸುಟ್ಟುಹೋಗುತ್ತದೆ. ಪೆನ್ ಸೆಲ್ಲೇ ಗತಿ ಎಂದಾದರೆ ನಡುವೆ 100 ಓಮ್‌ನ ಒಂದು ರೆಸಿಸ್ಟರ್ ಇರಲಿ. ಪರೀಕ್ಷೆ ಮುಗಿದ ಮೇಲೆ, ಹೊರಗೆ ಕಟ್ಟುವ ಸರವಾದರೆ ಸೂಜಿ ಚುಚ್ಚಿದ ತೂತುಗಳ ಮೇಲೆ ಒಂದು ಸುತ್ತು ಟೇಪು ಬೇಕೇ ಬೇಕು.

ಬದಲಿ ಎಲ್‌ಇಡಿಯನ್ನು ಅಂಗಡಿಯಲ್ಲಿ ಹುಡುಕುವ ಮೊದಲು ಮನೆಯಲ್ಲೇ ಇರುವ ಇನ್ನೊಂದು ಕೆಟ್ಟ ಸೆಟ್ಟನ್ನು ನೋಡಿ, ಅದರಲ್ಲಿ ಒಳ್ಳೆಯ ದೀಪಗಳು ಬೇಕಾದಷ್ಟಿರುತ್ತವೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಬಿಡಿ ಎಲ್‌ಇಡಿ ಸಿಗುತ್ತದೆ. ಬಣ್ಣ ಹೊಂದಿದರೆ ಸಾಲದು, ವೋಲ್ಟೂ ಹೊಂದಬೇಕು. ಕೆಂಪು, ಹಳದಿ ಒಂದು ಗುಂಪು. ಬಿಳಿ, ನೀಲಿ, ಈಗ ಬರುವ ಹಸಿರು ಇನ್ನೊಂದು ಗುಂಪು, ಇವಕ್ಕೆ ಸುಮಾರು 3 ವೋಲ್ಟ್. ಹೊಸ ಎಲ್‌ಇಡಿಯ ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಗಾಜಿನಂಥ ತಲೆಯೊಳಗೆ ನೋಡಿ, ಸಾಮಾನ್ಯವಾಗಿ ಬಟ್ಟಲಿನಂತೆ ದೊಡ್ಡದಾಗಿ ಕಾಣುವುದು ಮೈನಸ್ ಬದಿ. ತಿರುಗಿಸಿ ಹಾಕಿದರೆ ಆ ಸಾಲು ಹತ್ತುವುದಿಲ್ಲ, ಆಗ ಹೊಸ ಎಲ್‌ಇಡಿಯೇ ಕೆಟ್ಟದ್ದು ಎಂದು ಬಿಸಾಡಬೇಡಿ.

ಬೆಸುಗೆಗೆ 25 ವಾಟಿನ ಸೋಲ್ಡರಿಂಗ್ ಐರನ್ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಅಗ್ಗದ ಸೆಟ್ಟುಗಳ ತಂತಿ ಪೂರ್ತಿ ತಾಮ್ರವಲ್ಲ, ಅಲ್ಯೂಮಿನಿಯಂ ಅಥವಾ ಕಬ್ಬಿಣದ ಎಳೆಗೆ ತಾಮ್ರದ ಲೇಪ. ಬ್ಲೇಡಿನಿಂದ ಚೆನ್ನಾಗಿ ಕೆರೆದು ಹೊಳಪು ತರಲು ಹೋದರೆ ಆ ಲೇಪವೇ ಹೋಗಿ, ಒಳಗಿನ ಅಲ್ಯೂಮಿನಿಯಂಗೆ ಸೀಸ ಕಚ್ಚುವುದೇ ಇಲ್ಲ, ಹನಿ ಹನಿಯಾಗಿ ಉರುಳುತ್ತದೆ. ಸಿಪ್ಪೆಯನ್ನಷ್ಟೇ ಸುಲಿದು, ಸೀಸ ಕಚ್ಚಲು ನೆರವಾಗುವ ಫ್ಲಕ್ಸ್ ಹಚ್ಚಿ, ಒಂದೆರಡು ಸೆಕೆಂಡಿನಲ್ಲಿ ಬೆಸೆದು ಮುಗಿಸಿ. ತಂತಿಗೆ ಮೊದಲೇ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಕೊಳವೆ ತೂರಿಸಿಟ್ಟುಕೊಳ್ಳುವುದನ್ನು ಎಲ್ಲರೂ ಮರೆಯುತ್ತಾರೆ, ಬೆಸೆದ ಮೇಲೆ ತೂರಿಸಲು ಆಗುವುದಿಲ್ಲ. ಬಿಸಿಗೆ ಕುಗ್ಗುವ 2 ಮಿಲಿಮೀಟರಿನ ಸ್ಲೀವ್ ಎರಡು ಕಾಲಿಗೂ ಬೇರೆ ಬೇರೆ ಇರಬೇಕು. ಬೆಸೆಯದೆ ಬರಿದೇ ಹೊಸೆದು ಟೇಪು ಸುತ್ತಿದ ಜೋಡಣೆ ಇವತ್ತು ಹತ್ತುತ್ತದೆ, ಮುಂದಿನ ವರ್ಷ ಮಿಣುಕುತ್ತದೆ, ಅದರ ಮುಂದಿನ ವರ್ಷ ಆರುತ್ತದೆ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ, ಬಿಸಿಲಿಗೆ ಸುರುಳಿ ಬಿಚ್ಚಿ ತಂತಿ ಬರಿದಾಗುತ್ತದೆ.

ಬದಲಿ ಸಿಗದಿದ್ದರೆ ಕೆಟ್ಟದ್ದನ್ನು ತೆಗೆದು ಎರಡು ತಂತಿಗಳನ್ನೇ ಸೇರಿಸಿ ಬೆಸೆಯಬಹುದೇ ಎಂದು ಕೇಳುವವರಿದ್ದಾರೆ. 25ರ ಸಾಲಿನಲ್ಲಿ ಒಂದು, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚಾದರೆ ಉಳಿದವುಗಳ ಮೇಲೆ ಹೊರೆ ಏರಿ ಒಂದರ ಹಿಂದೊಂದು ಹೋಗುತ್ತವೆ. ಹಳೆಯ 6 ವೋಲ್ಟಿನ ಬಲ್ಬಿನ ಸರ ಇನ್ನೂ ಇಟ್ಟುಕೊಂಡಿರುವ ಮನೆಗಳಿವೆ, ಅಲ್ಲಿ ಲೆಕ್ಕ ಇನ್ನೂ ಸ್ಪಷ್ಟ. 230ನ್ನು 6ರಿಂದ ಭಾಗಿಸಿದರೆ 38, ಅದಕ್ಕೇ ಆ ಸರಗಳಲ್ಲಿ 38ರಿಂದ 40 ಬಲ್ಬು. ಐದು ತೆಗೆದು 33 ಉಳಿಸಿದರೆ ಒಂದೊಂದಕ್ಕೂ ಸುಮಾರು 7 ವೋಲ್ಟ್ ಬೀಳುತ್ತದೆ. ನೋಡಲು ಝಗ್ಗೆಂದು ಹೊಳೆಯುತ್ತದೆ, ಆಯುಷ್ಯ ಮಾತ್ರ ತೀರಾ ಕಡಿಮೆಯಾಗುತ್ತದೆ. ಆ ಸರದಲ್ಲಿ ಮಿಣುಕು ಕೊಡುವುದು ಒಂದೇ ಬಲ್ಬು, ಅದರೊಳಗಿನ ಪಟ್ಟಿ ಬಿಸಿಗೆ ಬಾಗಿ ಸಾಲನ್ನು ಕಡಿದು ಕೂಡಿಸುತ್ತದೆ. ಸರ ಮಿಣುಕುವುದನ್ನು ನಿಲ್ಲಿಸಿದರೆ ಆ ಒಂದು ಬಲ್ಬನ್ನು ನೋಡಿದರೆ ಸಾಕು.

ಇನ್ನು ಕಟ್ಟುವ ವಿಚಾರ. ರಿಪೇರಿಗಿಂತ ಇದರ ಬಗ್ಗೆಯೇ ನಮಗೆ ಹೆಚ್ಚು ಆತಂಕ. ನಮ್ಮ ಮನೆಗಳಲ್ಲಿ ಸರ ಮೊದಲು ಹೋಗುವುದು ಕಿಟಕಿಯ ಕಬ್ಬಿಣದ ಗ್ರಿಲ್ಲಿಗೆ, ಗೇಟಿಗೆ, ಅಲ್ಯೂಮಿನಿಯಂ ಸೊಳ್ಳೆ ಬಲೆಗೆ. ಗಾಳಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದು ತಂತಿ ಗ್ರಿಲ್ಲಿಗೆ ತಾಗಿದರೆ ಗ್ರಿಲ್ಲು ಪೂರ್ತಿ 230 ವೋಲ್ಟಿಗೆ ಬರುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಆರುವ ಎಂಸಿಬಿ ಸ್ವಿಚ್ ಬೀಳುತ್ತದಲ್ಲ ಎನ್ನುತ್ತಾರೆ. ಬೀಳುವುದಿಲ್ಲ. ಒಣಗೋಡೆಯಲ್ಲಿ ಹೂತಿರುವ ಗ್ರಿಲ್ಲಿನಿಂದ ಭೂಮಿಗೆ ಹರಿಯುವ ಕರೆಂಟು ಅತ್ಯಲ್ಪ, 6 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಬರಿಗಾಲಲ್ಲಿ ರಂಗೋಲಿಗೆ ನಿಂತವರು ಗೇಟು ಹಿಡಿದಾಗ ಅವರ ಮೈಯೇ ದಾರಿಯಾಗುತ್ತದೆ. ಆ ಗಳಿಗೆಯಲ್ಲಿ ಕಾಯುವುದು, ಭೂಮಿಗೆ ಸೋರುವ ಅಲ್ಪ ಕರೆಂಟನ್ನೂ ಗುರುತಿಸಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ ಮಾತ್ರ. ಮೀಟರ್ ಬೋರ್ಡಿನಲ್ಲಿ ಅದಿದೆಯೇ ನೋಡಿ, ಇದ್ದರೆ ಸರ ಕಟ್ಟುವ ದಿನ ಅದರ ‘ಟಿ’ ಗುಂಡಿಯನ್ನು ಒಮ್ಮೆ ಒತ್ತಿ. ತಟ್ಟನೆ ಬಿದ್ದರೆ ಸರಿಯಿದೆ. ಬೀಳದಿದ್ದರೆ ಹಬ್ಬಕ್ಕೆ ಮೊದಲು ಅದನ್ನೇ ಬದಲಿಸಿ, ದೀಪ ಆಮೇಲೆ.

ಲೋಹಕ್ಕೆ ಕಟ್ಟಲೇಬೇಕೆಂದರೆ ನಡುವೆ ಹತ್ತಿಯ ದಾರವನ್ನೋ ಪಿವಿಸಿ ಪೈಪಿನ ತುಂಡನ್ನೋ ಇಟ್ಟು ಕಟ್ಟಿ. ಬೈಂಡಿಂಗ್ ತಂತಿ ಬೇಡ. ಜಾರುವ ಕಿಟಕಿಯ ಸಂದಿನಲ್ಲಿ ತಂತಿ ಎಳೆದು ಕಿಟಕಿ ಮುಚ್ಚಿದರೆ ಅದರ ಹಳಿಯೇ ಕತ್ತಿಯಂತೆ ಸಿಪ್ಪೆ ಕೊಯ್ಯುತ್ತದೆ, ವೆಂಟಿಲೇಟರಿನಿಂದ ಎಳೆಯಿರಿ. ಡಬ್ಬಿ ಮತ್ತು ಪ್ಲಗ್ಗು ಮನೆಯೊಳಗೇ ಇರಲಿ, ದೀಪದ ಭಾಗ ಮಾತ್ರ ಹೊರಗೆ. ಡಿಸೆಂಬರಿನಲ್ಲಿ ಮಳೆಯಿಲ್ಲ ಎಂದು ಎಕ್ಸ್‌ಟೆನ್ಷನ್ ಬಾಕ್ಸನ್ನು ತಾರಸಿಯ ನೆಲದ ಮೇಲೆ ಇಟ್ಟುಬಿಡುತ್ತಾರೆ. ಇಬ್ಬನಿಯೂ ನೀರೇ. ಮರಕ್ಕೆ ಮೊಳೆ, ಸ್ಟೇಪಲ್ ಹೊಡೆಯುವುದು ಮರಕ್ಕೂ ಕೇಡು, ಮನುಷ್ಯರಿಗೂ ಕೇಡು. ಪಿನ್ನು ತಂತಿಯೊಳಗೆ ಇಳಿದರೆ ಹಸಿ ಕಾಂಡವೇ ಕರೆಂಟಿಗೆ ದಾರಿ.

ಬೀದಿ ಅಲಂಕಾರ ಮಾಡುವ ಹುಡುಗರಿಗೂ ಒಂದು ಮಾತು. ಕಂಬದ ತಂತಿಗೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ಕಳ್ಳತನ. ಅದಕ್ಕಿಂತ ಮುಖ್ಯವಾಗಿ, ಆ ಕೊಕ್ಕೆಗೂ ನಿಮ್ಮ ಸರಕ್ಕೂ ನಡುವೆ ಫ್ಯೂಸ್ ಎಂಬುದೇ ಇರುವುದಿಲ್ಲ. ಕಾರ್ಯಕ್ರಮಕ್ಕೆ ತಾತ್ಕಾಲಿಕ ಸಂಪರ್ಕ ಪಡೆಯಲು ವ್ಯವಸ್ಥೆಯಿದೆ. ಜೋತುಬಿದ್ದ ತಂತಿ ಕಂಡರೆ ಮುಟ್ಟದೆ 1912ಕ್ಕೆ ಕರೆ ಮಾಡಿ.

ನಕ್ಷತ್ರದ ಗೂಡು ಮತ್ತು ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಬೆಂಕಿಯ ವಿಚಾರ. ಕಾಗದದ ನಕ್ಷತ್ರದೊಳಗೆ 60 ವಾಟಿನ ಹಳೆ ಬಲ್ಬು ಹಾಕಿದರೆ ಗಾಳಿಗೆ ತೂಗಿ ಕಾಗದ ಬಲ್ಬಿಗೆ ತಾಗಿದಲ್ಲಿ ಮೊದಲು ಕಂದಾಗುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. 3ರಿಂದ 5 ವಾಟಿನ ಎಲ್‌ಇಡಿ ಬಲ್ಬು ಧಾರಾಳ. ನಕ್ಷತ್ರದ ಭಾರ ಹಗ್ಗದ ಮೇಲಿರಲಿ, ಹೋಲ್ಡರಿನ ವೈರಿನ ಮೇಲೆ ಬೇಡ. ಗೋದಲಿಯಲ್ಲಿ ಒಣಹುಲ್ಲು, ಬಣ್ಣ ಬಳಿದ ಕಾಗದದ ಬೆಟ್ಟ, ಹತ್ತಿಯ ಹಿಮ ಎಲ್ಲವೂ ಉರಿಯುವ ಸಾಮಾನೇ. ಮಕ್ಕಳು ಬಾಲಯೇಸುವಿನ ಗೊಂಬೆ ಮುಟ್ಟಲು ಕೈ ಚಾಚುವ ಜಾಗವೂ ಅದೇ. ಅಲ್ಲಿಗೆ 230 ವೋಲ್ಟಿನ ಸರವೇ ಬೇಡ. ಯುಎಸ್‌ಬಿಗೆ ಚುಚ್ಚುವ, ಅಥವಾ ಮೂರು ಪೆನ್ ಸೆಲ್ ಹಾಕುವ ಸಣ್ಣ ತಾಮ್ರದ ತಂತಿಯ ದೀಪಗಳು ಈಗ ಎಲ್ಲೆಡೆ ಸಿಗುತ್ತವೆ. 5 ವೋಲ್ಟಿಗೆ ಶಾಕ್ ಇಲ್ಲ. ಅವುಗಳಲ್ಲಿ ದೀಪಗಳು ಸಾಲಾಗಿರದೆ ಅಕ್ಕಪಕ್ಕ ಸೇರಿಕೊಂಡಿರುವುದರಿಂದ ಒಂದು ಹೋದರೆ ಒಂದೇ ಹೋಗುತ್ತದೆ. ತಂತಿ ತುಂಡಾದರೆ ಅಲ್ಲಿಂದಾಚೆಗಿನದು ಮಾತ್ರ ಆರುತ್ತದೆ.

ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ. 5 ವಾಟಿನ ಒಂದು ಸೆಟ್ಟು ದಿನಕ್ಕೆ 6 ಗಂಟೆಯಂತೆ ಹತ್ತು ದಿನ ಉರಿದರೆ 300 ವಾಟ್ ಗಂಟೆ, ಅಂದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಹಾಗಿದ್ದರೂ ಮಲಗುವಾಗ ಆರಿಸಿ. ಮಿಣುಕುವ ಬೆಳಕು ಎದುರುಮನೆಯವರ ಮಲಗುವ ಕೋಣೆಯ ಗೋಡೆಯ ಮೇಲೆ ರಾತ್ರಿಯಿಡೀ ಕುಣಿಯುತ್ತಿರುತ್ತದೆ. ಪಾಪ, ಅವರು ಹಬ್ಬವೆಂದು ಬಾಯಿಬಿಟ್ಟು ಹೇಳುವುದಿಲ್ಲ.

ಸೆಟ್ಟುಗಳು ಕೆಡುವುದು ಕಟ್ಟುವಾಗ ಅಲ್ಲ, ಇಳಿಸುವಾಗ. ಜನವರಿ ಮೊದಲ ವಾರ ಒಂದು ತುದಿ ಹಿಡಿದು ಜಗ್ಗಿ, ಮುದ್ದೆ ಮಾಡಿ ಕವರಿಗೆ ತುರುಕುತ್ತೇವೆ. ಆ ಒಂದು ಜಗ್ಗಿನಲ್ಲಿ ಎಲ್‌ಇಡಿಯ ಕಾಲುಗಳು ಬುಡದಲ್ಲಿ ಬಾಗಿ ಅರ್ಧ ಮುರಿದಿರುತ್ತವೆ, ಮುಂದಿನ ಡಿಸೆಂಬರಿನಲ್ಲಿ ಪೂರ್ತಿ ಮುರಿಯುತ್ತವೆ. ಕಟ್ಟಿದ ಕೊನೆಯ ಗಂಟಿನಿಂದ ಹಿಂದಕ್ಕೆ ಒಂದೊಂದೇ ದಾರ ಕತ್ತರಿಸುತ್ತಾ ಬನ್ನಿ. ನೆರಳಿನಲ್ಲಿ ಒಂದು ದಿನ ಹರಡಿ ಆರಲು ಬಿಡಿ, ಒಮ್ಮೆ ಹಚ್ಚಿ ನೋಡಿ. ಒಂದಡಿ ಉದ್ದದ ರಟ್ಟಿನ ತುಂಡಿಗೆ ಸಡಿಲವಾಗಿ ಸುತ್ತಿ, ಕೆಟ್ಟಿದ್ದರೆ ಆ ರಟ್ಟಿನ ಮೇಲೆಯೇ ‘ಹಸಿರು ಸಾಲು ಇಲ್ಲ’ ಎಂದು ಬರೆದಿಡಿ. ಡಬ್ಬಿಯನ್ನು ಸುತ್ತಿನ ಒಳಗೆ ಸಿಕ್ಕಿಸಬೇಡಿ, ಅದರ ಮೂಲೆ ತಂತಿಯನ್ನು ಒತ್ತುತ್ತದೆ. ಅಟ್ಟದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇಲಿ ಸಿಪ್ಪೆ ಕಡಿಯುತ್ತದೆ, ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಒಳ್ಳೆಯದು. ಮತ್ತೆ ತೆರೆಯುವುದು ಡಿಸೆಂಬರ್ ಮೊದಲ ಭಾನುವಾರವಾಗಲಿ, 24ರ ಸಂಜೆಯಲ್ಲ. ಆಗ ರಿಪೇರಿಯವನಿಗೂ ಪುರುಸೊತ್ತಿರುತ್ತದೆ. ನಿಜವಾಗಿಯೂ ರಿಪೇರಿಯಾಗದ್ದನ್ನು ಹಸಿಕಸಕ್ಕೋ ಒಣಕಸಕ್ಕೋ ಸೇರಿಸದೆ ಇ-ತ್ಯಾಜ್ಯ ಪಡೆಯುವಲ್ಲಿ ಕೊಡಿ. ಕೆಲವರು ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಆ ಪಿವಿಸಿ ಹೊಗೆ ಬಲು ಕೆಟ್ಟದ್ದು.

ಕೊನೆಯದಾಗಿ ತಯಾರಕರಲ್ಲಿ, ವ್ಯಾಪಾರಿಗಳಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಹಿಂದೆ ಬಲ್ಬಿನ ಸರದ ಜೊತೆ ಪುಟ್ಟ ಕವರಿನಲ್ಲಿ ಎರಡು ಮೂರು ಬದಲಿ ಬಲ್ಬು ಬರುತ್ತಿದ್ದವು. ಎಲ್‌ಇಡಿ ಸೆಟ್ಟಿನಲ್ಲಿ ಅದು ನಿಂತೇ ಹೋಗಿದೆ. ಪ್ರತಿ ಬಣ್ಣಕ್ಕೆ ಎರಡರಂತೆ ಎಂಟು ಬಿಡಿ ಎಲ್‌ಇಡಿ ಸೇರಿಸಿದರೆ ಖರ್ಚು ಕೆಲವೇ ರೂಪಾಯಿ. ಡಬ್ಬಿಯನ್ನು ಅಂಟು ಹಾಕಿ ಮುಚ್ಚುವ ಬದಲು ಎರಡು ಸ್ಕ್ರೂ ಹಾಕಿ. ಅಂಗಡಿಯವರು ಬಿಡಿ ಡಬ್ಬಿಯನ್ನೂ ಮಾರಾಟಕ್ಕಿಡಿ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, ಅದರೊಂದಿಗೆ ‘ಆರ್’ ಅಕ್ಷರದ ಮುಂದಿನ ಎಂಟು ಅಂಕಿಯ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಇರುವುದನ್ನು ಕೊಡಿ ಎಂದು ಕೇಳಿ. ಬದಲಿ ದೀಪ ಎಲ್ಲಿ ಎಂದೂ ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರು ಮುಂದಿನ ಡಿಸೆಂಬರಿಗೆ ತರಿಸಿಡುತ್ತಾರೆ.

ಇಂತಿ,
ಎಲೆಕ್ಟ್ರಿಕಲ್ ರಿಪೇರಿ ಕೆಲಸದವರು
ಮಂಗಳೂರು